ಒಗೆಯುವ ಕಲ್ಲಿನ ಬಳಿ ಕಲಿತ ಸ್ಪ್ಯಾನಿಷ್

ಈ ಊರಿಗೆ ಬಂದಿಳಿದ ಮಾರನೆಯ ಬೆಳಿಗ್ಗೆ ನಮ್ಮ ಕಿಟಕಿಯ ಕೆಳಗೆ ಒಬ್ಬ ಹೆಂಗಸು ಬಟ್ಟೆ ಒಗೆಯುತ್ತಿದ್ದಳು. ಬಟ್ಟೆಯನ್ನು ಕಲ್ಲಿಗೆ ಅಪ್ಪಳಿಸಿದಾಗಲೆಲ್ಲ "ಗ್ರೆಗೋರಿಯೋ!" ಎಂದು ಕೂಗುತ್ತಿದ್ದಳು. ಅದು ಕಲ್ಲಿನ ಹೆಸರೋ, ಬಟ್ಟೆಯ ಹೆಸರೋ, ಇಲ್ಲ ಇಲ್ಲಿಯ ಯಾವುದಾದರೂ ದೇವರ ಹೆಸರೋ ಎಂದು ನಾನು ಹಗಲೆಲ್ಲ ಯೋಚಿಸಿದೆ. ಸಂಜೆ ನಮ್ಮವರು ಅಂಗಡಿಯಿಂದ ಬಂದ ಮೇಲೆ ವಿಚಾರಿಸಿಕೊಂಡು ಬಂದು, "ಅದು ಆಯಮ್ಮನ ಗಂಡನ ಎಸ್ರು ಕಣೆ" ಅಂದರು. ನಾನು ಹೋಗಿ ಕಿಟಕಿ ಹಾಕಿಬಿಟ್ಟೆ. ಕಟ್ಟಿಕೊಂಡ ಗಂಡನ ಹೆಸರು ಹಿಡಿದು, ಅದೂ ಇಡೀ ವಠಾರಕ್ಕೆ ಕೇಳುವ ಹಾಗೆ, ಒದ್ದೆ ಬಟ್ಟೆ ಬಡಿಯುವ ಊರಿನಲ್ಲಿ ಬಾಳುವುದು ಹೇಗೆ ಎಂದು ನಿಜವಾಗಿ ದಿಗಿಲಾಯಿತು.

ಊರಿನ ಹೆಸರು ಸಾಂತಾ ಕ್ರೂಸ್. ಆಫ್ರಿಕಾದ ಪಶ್ಚಿಮಕ್ಕೆ, ಸಮುದ್ರದ ನಡುವೆ ಇರುವ ತೆನೆರಿಫೆ ಎಂಬ ದ್ವೀಪದ ಬಂದರು. ಆಳುವವರು ಸ್ಪೇನ್ ದೇಶದವರು, ಆಡುವ ಮಾತು ಸ್ಪ್ಯಾನಿಷ್. ನನ್ನ ತವರು ಚಾಮರಾಜನಗರದ ಹತ್ತಿರದ ಕುದೇರು, ಸೇರಿದ ಮನೆ ಗುಂಡ್ಲುಪೇಟೆ. ನಮ್ಮವರು ಗುಂಡ್ಲುಪೇಟೆಯ ಜವಳಿ ಅಂಗಡಿಯಲ್ಲಿ ಗಜಕಡ್ಡಿ ಹಿಡಿದವರು. ಅಲ್ಲಿಂದ ಬೊಂಬಾಯಿಗೆ ಹೋಗಿ ಸಿಂಧಿ ವರ್ತಕರೊಬ್ಬರ ಹತ್ತಿರ ಸೇರಿದರು. ಆ ವರ್ತಕರು ಈ ಬಂದರಿನಲ್ಲಿ ಇಟ್ಟಿರುವ ಬಜಾರಿಗೆ ಇವರನ್ನು ಕಳಿಸಿದರು. ಹಡಗಿನಿಂದ ಇಳಿದು ಬರುವ ಪ್ರಯಾಣಿಕರಿಗೆ ರೇಷ್ಮೆ, ಕಸೂತಿ, ಗಂಧದ ಪೆಟ್ಟಿಗೆ ಮಾರುವ ಅಂಗಡಿ ಅದು. ಎರಡು ವರ್ಷದ ಮೇಲೆ ನಾನೂ ಬಂದೆ.

ಕರೆಸಿಕೊಂಡರು ಎಂದು ಊರಲ್ಲಿ ಹೇಳಿಕೊಂಡದ್ದುಂಟು. ನಿಜ ಹೇಳಬೇಕೆಂದರೆ ನಾನೇ ಹಟ ಹಿಡಿದು ಬಂದವಳು. ಮದುವೆಯಾಗಿ ಐದು ವರ್ಷವಾದರೂ ನನಗೆ ಮಕ್ಕಳಾಗಿರಲಿಲ್ಲ. ನಮ್ಮತ್ತೆ ಆಗಲೇ ತೆರಕಣಾಂಬಿಯಲ್ಲಿದ್ದ ತಮ್ಮ ಅಣ್ಣನ ಮಗಳನ್ನು ಇವರಿಗೆ ಎರಡನೆಯದಾಗಿ ತರುವ ಮಾತು ಎತ್ತಿದ್ದರು. ನಮ್ಮವರು ಒಳ್ಳೆಯವರು. ಆದರೆ ತಾಯಿಯ ಎದುರು ಬೇಡ ಎನ್ನುವ ಮಾತು ಅವರ ಬಾಯಲ್ಲಿ ಹುಟ್ಟಿದ್ದನ್ನು ನಾನು ಕಂಡಿರಲಿಲ್ಲ. ಹತ್ತಿರವಿದ್ದರೆ ಉಳಿದೇನು ಎಂದುಕೊಂಡು ಹಡಗು ಹತ್ತಿದೆ.

ಬಂದ ಮೊದಲ ತಿಂಗಳು ನಾನು ಬಾಗಿಲು ದಾಟಲಿಲ್ಲ. ಊಟ ಸೇರಲಿಲ್ಲ, ಅಳುವುದೊಂದೇ ಕೆಲಸ. ಒಂದು ಭಾನುವಾರ ಇವರು ಎದುರಿಗೆ ಕೂತು ಹೇಳಿದರು.

"ನೋಡು, ಬೆಳಗ್ಗೆ ಓದ್ರೆ ಸಂಜೆಗಂಟ ನಾನು ಬರಾಕಾಗಲ್ಲ. ನೀನಿಂಗೆ ಬಾಯ್ ಮುಚ್ಕೊಂಡು ಒಳಗೇ ಕುಂತಿದ್ರೆ ಕೊರಗ್ಬುಡ್ತೀಯ. ಆರು ತಿಂಗ್ಳು ನೋಡನ. ಅಷ್ಟ್ರೊಳ್ಗೆ ಒಬ್ಳೇ ಮಾರ್ಕೆಟ್ಟಿಗೆ ಓಗಿ, ನಾಕು ಮಾತಾಡಿ, ಬೇಕಾದ್ದ ತರಂಗಾದ್ರೆ ಸರಿ. ಇಲ್ದಿದ್ರೆ ಊರಿಗೆ ಕಳಿಸ್ಬುಡ್ತೀನಿ. ನಿನ್ ಒಳ್ಳೇದಕ್ಕೇ ಯೋಳ್ತಿರೋದು."

ಒಳ್ಳೆಯದಕ್ಕೇ ಹೇಳಿದರು, ಅನುಮಾನವಿಲ್ಲ. ಆದರೆ ನಾನೊಬ್ಬಳೇ ಹಿಂದಿರುಗಿದರೆ ಅಲ್ಲಿ ನನಗಾಗಿ ಏನು ಕಾದಿದೆಯೆಂದು ನನಗೆ ಗೊತ್ತಿತ್ತು. ಸ್ಪ್ಯಾನಿಷ್ ಬಂದರೆ ಗಂಡ, ಬಾರದಿದ್ದರೆ ಸವತಿ. ಕಲಿಯುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಯಾವ ವಿದ್ಯಾರ್ಥಿಗೆ ಬೇಕು?

ಮೊದಲು ನಮ್ಮ ಮನೆಯ ವಿಚಾರ ಹೇಳುತ್ತೇನೆ. ಇಲ್ಲಿ ಬಡವರ ಮನೆಗಳ ಗುಂಪಿಗೆ 'ಸಿಯುದಾದೆಲಾ' ಎನ್ನುತ್ತಾರೆ. ಕೋಟೆ ಎಂದರ್ಥವಂತೆ, ಹೆಸರು ಕೇಳಿ ಏನೋ ಎಂದುಕೊಳ್ಳಬೇಡಿ, ನಮ್ಮ ವಠಾರವೇ. ನಡುವೆ ಉದ್ದನೆಯ ಅಂಗಳ, ಎರಡು ಕಡೆಯೂ ಕೆಳಗೊಂದು ಮೇಲೊಂದು ಸಾಲು ಒಂದೊಂದು ಕೋಣೆಯ ಮನೆಗಳು, ನಮ್ಮದು ಮೇಲಿನ ಸಾಲಿನದು, ಎಲ್ಲರಿಗೂ ಸೇರಿ ಒಂದು ನಲ್ಲಿ, ಎರಡು ಒಗೆಯುವ ಕಲ್ಲು. ನಮ್ಮಲ್ಲಿ ವಠಾರವೆಂದರೆ ಒಳಗೆ ಯಾರು ಯಾವ ಜಾತಿ, ಯಾರು ಯಾರ ನೀರು ಮುಟ್ಟಬಹುದು ಎಂಬ ಲೆಕ್ಕವಿರುತ್ತದೆ. ಇಲ್ಲಿ ಆ ಲೆಕ್ಕವಿಲ್ಲ, ಬದಲಿಗೆ ಭಾನುವಾರ ಇಗರ್ಜಿಗೆ ಯಾರು ಬಂದರು, ಯಾರು ಬರಲಿಲ್ಲ ಎಂಬ ಲೆಕ್ಕವಿದೆ. ನಾವು ಲಿಂಗ ಕಟ್ಟಿದವರು, ಬೆಳಿಗ್ಗೆ ಅಂಗೈಯಲ್ಲಿಟ್ಟು ಪೂಜಿಸುತ್ತೇವೆ ಎಂದು ಇವರು ಹೇಗೋ ತಿಳಿಸಿ ಹೇಳಿದ್ದರಿಂದ ನಮ್ಮನ್ನು ಆ ಲೆಕ್ಕದಿಂದ ಬಿಟ್ಟಿದ್ದರು.

ಊಟದಲ್ಲಿ ನನ್ನನ್ನು ಉಳಿಸಿದ್ದು 'ಗೋಫಿಯೊ'. ಮುಸುಕಿನ ಜೋಳವನ್ನೋ ಗೋಧಿಯನ್ನೋ ಹುರಿದು ಬೀಸಿದ ಹಿಟ್ಟು, ನೀರು ಉಪ್ಪು ಹಾಕಿ ಕಲಸಿ ಉಂಡೆ ಮಾಡಿ ತಿನ್ನುತ್ತಾರೆ. ಅಂದರೆ ನಮ್ಮ ಹುರಿಹಿಟ್ಟು. ಮೊದಲ ಸಲ ಪಕ್ಕದ ಮನೆಯಿಂದ ಅದರ ಘಮ ಬಂದಾಗ ನಾನು ಕುದೇರಿನ ನಮ್ಮವ್ವನನ್ನು ನೆನೆದು ಅತ್ತೆ. ರಾಗಿ ಇಲ್ಲ, ಹುರುಳಿ ಇಲ್ಲ, ತೆಂಗಿನಕಾಯಿ ಎಲ್ಲೋ ಒಂದೊಂದು. ಆಲೂಗಡ್ಡೆ ಬೇಕಾದಷ್ಟು, ಬಾಳೆಹಣ್ಣಂತೂ ಹೇರಳ. ಕೊತ್ತಂಬರಿ ಸೊಪ್ಪು ಸಿಗುತ್ತದೆ ಎಂದು ಗೊತ್ತಾದ ದಿನ ನಾನು ಎರಡು ತಿಂಗಳಲ್ಲಿ ಮೊದಲ ಬಾರಿ ಹಾಡು ಗುನುಗಿದೆನಂತೆ. ಹಾಗೆಂದು ಇವರು ಹೇಳುತ್ತಾರೆ.

ಇನ್ನು ಕಲಿಯುವ ದಾರಿಗಳು. ನನ್ನಂತೆ ಬೆಳೆದು ದೊಡ್ಡವರಾದ ಮೇಲೆ ಪರದೇಶದ ಮಾತು ಕಲಿಯಬೇಕಾದವರಿಗೆ ಅನುಕೂಲವಾಗಲೆಂದು ಬರೆಯುತ್ತಿದ್ದೇನೆ. ಇವರು ಬೊಂಬಾಯಿಯಲ್ಲಿ ಕೊಂಡ ಇಂಗ್ಲಿಷ್–ಸ್ಪ್ಯಾನಿಷ್ ಮಾತುಕತೆಯ ಕೈಪುಸ್ತಕವೊಂದಿತ್ತು. ಇಂಗ್ಲಿಷಿನ ಅರ್ಥವನ್ನು ಇವರು ಕನ್ನಡದಲ್ಲಿ ಪಕ್ಕಕ್ಕೆ ಬರೆದುಕೊಟ್ಟರು. ನಾನು ಶ್ರದ್ಧೆಯಿಂದ ಬಾಯಿಪಾಠ ಮಾಡಿದೆ. "ನನ್ನ ಪೆಟ್ಟಿಗೆಗಳನ್ನು ಎರಡನೆಯ ಮಹಡಿಗೆ ಸಾಗಿಸು." "ಈ ಹೋಟೆಲಿನ ಸಂಗೀತ ಮಧುರವಾಗಿದೆ." ಮೂರು ವಾರ ಕಲಿತು ಮಾರ್ಕೆಟ್ಟಿಗೆ ಹೋದರೆ ಹಸಿಮೆಣಸಿನಕಾಯಿಗೆ ಏನೆನ್ನಬೇಕೆಂದು ಆ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ಬರೆದವನು ಮೆಣಸಿನಕಾಯಿ ತಿನ್ನದವನಿರಬೇಕು.

ಪುಸ್ತಕ ಮುಚ್ಚಿಟ್ಟೆ. ಗುಂಡ್ಲುಪೇಟೆಯಲ್ಲಿ ಯಾರು ಪುಸ್ತಕ ಹಿಡಿದು ಮಲಯಾಳ ಕಲಿತರು ಎಂದು ನನ್ನನ್ನೇ ಕೇಳಿಕೊಂಡೆ. ವಯನಾಡಿನಿಂದ ಮೆಣಸು ತಂದವರ ಜತೆ ನಮ್ಮತ್ತೆ ಮಲಯಾಳದಲ್ಲಿ ಚೌಕಾಸಿ ಮಾಡುತ್ತಾರೆ, ಊಟಿಯ ಕಡೆಯಿಂದ ಬಂದವರ ಜತೆ ತಮಿಳಿನಲ್ಲಿ ಜಗಳವಾಡುತ್ತಾರೆ. ಓದು ಬರಹ ಅವರಿಗೆ ಬಾರದು. ಅವರ ಶಾಲೆ ಸಂತೆ. ನನಗೆ ಆ ಅತ್ತೆಯ ಮೇಲೆ ಎಷ್ಟೇ ಕೋಪವಿದ್ದರೂ ಈ ಬುದ್ಧಿ ಅವರಿಂದಲೇ ಬಂದದ್ದು. ಮಾರನೆಯ ದಿನ ಬಟ್ಟೆಯ ಗಂಟು ಎತ್ತಿಕೊಂಡು ಒಗೆಯುವ ಕಲ್ಲಿಗೆ ಇಳಿದೆ.

ಆ ಕಲ್ಲಿನ ಬಳಿ ಇದ್ದವಳು ಅದೇ ಗ್ರೆಗೋರಿಯೋನ ಹೆಂಡತಿ. ಹೆಸರು ಕಂದೆಲಾರಿಯಾ. ನನಗಿಂತ ಹತ್ತು ವರ್ಷ ದೊಡ್ಡವಳು, ಗಟ್ಟಿಮುಟ್ಟಾದವಳು, ಮಾಲೀಕರ ಪರವಾಗಿ ವಠಾರ ನೋಡಿಕೊಳ್ಳುವವಳು ಅವಳೇ. ಅವಳ ಗಂಡ ಆರು ವರ್ಷದ ಹಿಂದೆ ಕೆಲಸಕ್ಕೆಂದು ವೆನಿಜುವೆಲಾ ದೇಶಕ್ಕೆ ಹೋದವನು. ಮೊದಮೊದಲು ಕಾಗದಗಳು ಬರುತ್ತಿದ್ದವು, ಆಮೇಲೆ ನಿಂತವು. ನಾವು ಈ ಊರಿಗೆ ಹೊಟ್ಟೆಪಾಡಿಗೆ ಬಂದರೆ ಈ ಊರಿನವರು ಹೊಟ್ಟೆಪಾಡಿಗೆ ಇನ್ನೂ ದೂರ ಹೋಗುತ್ತಾರೆ ಎಂದು ಆಗ ತಿಳಿಯಿತು.

ಕಂದೆಲಾರಿಯಾ ಸೋಪು ಎತ್ತಿ ಅದರ ಹೆಸರು ಹೇಳುವಳು, ನೀರು ಚಿಮುಕಿಸಿ ನೀರಿನ ಹೆಸರು ಹೇಳುವಳು. ನಾನು ತಪ್ಪಿದರೆ ಬೆನ್ನಿಗೊಂದು ಗುದ್ದುವಳು. ನನ್ನನ್ನು 'ಮಿ ನೀನ್ಯಾ' ಎನ್ನುತ್ತಿದ್ದಳು. ನನ್ನ ಮಗು ಎಂದರ್ಥ, ನಮ್ಮ ಕಡೆ 'ಅಮ್ಮಿ' ಅನ್ನುವುದಿಲ್ಲವೆ, ಹಾಗೆ. ಅವಳ ಮಾತು ಅರ್ಥವಾಗತೊಡಗಿದ ಮೇಲೆ ನನಗೆ ಅದು ಕುದೇರಿನ ಹೆಂಗಸರ ಮಾತಿನ ಹಾಗೇ ಕೇಳಿಸುತ್ತದೆ. ಇಲ್ಲಿ ಹಾಗೇ ಬರೆಯುತ್ತೇನೆ.

ರೇಡಿಯೋ ಇದ್ದದ್ದು ಒಂದೇ ಮನೆಯಲ್ಲಿ. ಮಧ್ಯಾಹ್ನ ಅದರ ಕಥೆ ಕೇಳಲು ಹೆಂಗಸರೆಲ್ಲ ಆ ಬಾಗಿಲಲ್ಲಿ ಕೂರುತ್ತಿದ್ದರು. ನಾನೂ ಕೂತೆ. ಯಾರು ಅಳುತ್ತಿದ್ದಾರೆ ಎಂಬುದು ಮೊದಲು ತಿಳಿಯಿತು, ಯಾಕೆ ಎಂಬುದು ತಿಳಿಯಲು ಮೂರು ತಿಂಗಳು ಹಿಡಿಯಿತು. ಸಾಮಾನು ಕಟ್ಟಿಕೊಡುವ ಪತ್ರಿಕೆಯ ಹಾಳೆಗಳನ್ನು ಬಿಡಿಸಿ ಅಕ್ಷರ ಕೂಡಿಸಿದೆ. ಚಾಮರಾಜನಗರದಲ್ಲಿ ಕನ್ನಡ ಮಿಡ್ಲ್ ಸ್ಕೂಲು ಮುಗಿಸಿ, ಅಲ್ಲೇ ಇಂಗ್ಲಿಷಿನ ಅಕ್ಷರವನ್ನೂ ತಿದ್ದಿದವಳಿಗೆ ಇದು ಕಷ್ಟವಾಗಲಿಲ್ಲ. ಸ್ಪ್ಯಾನಿಷ್ ಹೆಚ್ಚುಕಡಿಮೆ ನಮ್ಮ ಕನ್ನಡದ ಹಾಗೆಯೇ, ಬರೆದಂತೆ ಓದಬಹುದು. ಇಂಗ್ಲಿಷಿನ ಮೋಸ ಇದರಲ್ಲಿಲ್ಲ.

ನಾನು ಓದುವುದನ್ನು ನೋಡಿ ಕಂದೆಲಾರಿಯಾ ಒಂದು ದಿನ ಹೇಳಿದಳು.

"ನಂಗೆ ಒಂದಕ್ಸರವೂ ಬರಲ್ಲ ಕಣಮ್ಮಿ. ಬಾ, ಇಬ್ರೂ ಸಂಜೆ ಸ್ಕೂಲಿಗೆ ಓಗನ."

ಇಗರ್ಜಿಯ ಹಜಾರದಲ್ಲಿ ದೊಡ್ಡವರಿಗೆಂದೇ ಓದು ಬರಹ ಹೇಳಿಕೊಡುತ್ತಿದ್ದರು. ಬಂದರಿನ ಕೆಲಸದ ಹೆಂಗಸರು, ಮನೆಗೆಲಸದವರು, ಒಟ್ಟು ಒಂದು ಬೆಂಚಿನಷ್ಟು ಜನ. ಕಲಿಸುವವರು ದೋನ್ಯಾ ಮರ್ಸೇದೆಸ್. ದೋನ್ಯಾ ಎಂದರೆ ಅಮ್ಮಾವ್ರು. ಮದುವೆಯಾದ ಹೆಂಗಸು ಶಾಲೆಗೆ ಸೇರಬೇಕಾದರೆ ಗಂಡನ ಒಪ್ಪಿಗೆಯ ಕಾಗದ ಬೇಕೆಂದರು. ನಮ್ಮಲ್ಲಿ ಬಾಯಲ್ಲಿ ಕೇಳುತ್ತಾರೆ, ಇಲ್ಲಿ ಬರಹದಲ್ಲಿ ಕೇಳುತ್ತಾರೆ, ಅಷ್ಟೇ ವ್ಯತ್ಯಾಸ. ಇವರು ಬರೆದು ರುಜು ಹಾಕಿಕೊಟ್ಟರು, ಗಂಡ ಊರಲ್ಲಿಲ್ಲದ ಕಂದೆಲಾರಿಯಾಗೆ ಪಾದ್ರಿಯೇ ಬರೆದುಕೊಟ್ಟರು. ಎರಡು ವಾರದಲ್ಲಿ ನಾನು ಮಾರ್ಕೆಟ್ಟಿಗೆ ಒಬ್ಬಳೇ ಹೋಗಿ ಆಲೂಗಡ್ಡೆ, ಕೊತ್ತಂಬರಿ, ಹಸಿಮೆಣಸಿನಕಾಯಿ ತಂದೆ. ಕೊಳೆತ ಆಲೂಗಡ್ಡೆಯೊಂದನ್ನು ವಾಪಸ್ಸು ಕೊಟ್ಟು ಜಗಳ ಆಡಿದೆ. ಗೆದ್ದೆ ಕೂಡ.

ಮೂರನೆಯ ವಾರ ದೋನ್ಯಾ ಮರ್ಸೇದೆಸ್ ಪ್ರಶ್ನೆ ಉತ್ತರದ ಪಾಠ ತೆಗೆದರು. ನಿಮ್ಮ ಹೆಸರೇನು? ಎಲ್ಲರೂ ಹೇಳಿದರು, ನಾನೂ ನೀಲಮ್ಮ ಎಂದೆ. "ಕೋಮೊ ಸೆ ಯಾಮಾ ಸು ಮರೀದೊ?" ಇದು ಮುಂದಿನದು, ನಿಮ್ಮ ಗಂಡನ ಹೆಸರೇನು? ಹ್ವಾನ್ ಎಂದಳೊಬ್ಬಳು, ಅಂತೋನಿಯೊ ಎಂದಳಿನ್ನೊಬ್ಬಳು. ಕಂದೆಲಾರಿಯಾ ಗ್ರೆಗೋರಿಯೋ ಎಂದು ಹಜಾರ ಅದುರುವಂತೆ ಹೇಳಿದಳು. ನನ್ನ ಸರದಿ ಬಂತು. ನಾನು ಎದ್ದು ನಿಂತೆ, ಬಾಯಿ ತೆರೆಯಲಿಲ್ಲ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಮ್ಮಿಯಾಗುತ್ತದೆಂದು ಬಾಯಿಗೆ ಮಾತು ಬಂದಾಗಿನಿಂದ ಕೇಳಿ ಬೆಳೆದವಳು ನಾನು. ನಮ್ಮವರದು ಬೆಟ್ಟದ ದೇವರ ಹೆಸರು. ಹಾಗಾಗಿ ನಾನು ದೇವರನ್ನೂ ಬೆಟ್ಟದ ಸ್ವಾಮಿ ಎಂದೇ ಕರೆಯುತ್ತೇನೆ, ಹರಕೆ ಹೊತ್ತಾಗಲೂ ಹಾಗೇ. ದೋನ್ಯಾ ಮರ್ಸೇದೆಸ್ ಮತ್ತೆ ಕೇಳಿದರು. ನಾನು ಮೇಜಿನ ಹತ್ತಿರ ಹೋಗಿ ಒಪ್ಪಿಗೆಯ ಕಾಗದದಲ್ಲಿದ್ದ ಹೆಸರಿನ ಮೇಲೆ ಬೆರಳಿಟ್ಟೆ. "ಬೆರಳಲ್ಲಿ ಅಲ್ಲ, ಬಾಯಲ್ಲಿ" ಎಂದರು. ಎರಡನೆಯ ಸಂಜೆಯೂ ಹೀಗೇ ಆಯಿತು. ಮೂರನೆಯ ಸಂಜೆ ಅವರು ನನ್ನನ್ನು ಬಿಟ್ಟು ಪಕ್ಕದವಳನ್ನು ಕೇಳಿದರು. ಶಾಲೆಯಲ್ಲಿ ಅದಕ್ಕಿಂತ ದೊಡ್ಡ ಅವಮಾನ ನನಗೆ ಆಗಿರಲಿಲ್ಲ.

ಅವತ್ತು ಕಂದೆಲಾರಿಯಾ ನನ್ನ ಜತೆ ನಡೆದು ಬರಲಿಲ್ಲ. ಮಾರನೆಯ ದಿನ ಕಲ್ಲಿನ ಬಳಿ ತಡೆದು ನಿಲ್ಲಿಸಿದಳು.

"ನಿಜ ಯೋಳಮ್ಮಿ. ಆ ಗಂಡ್ಸು ನಿನ್ ಗಂಡನೇಯಾ?"

"ಗಂಡ. ಗಂಡನೇ."

"ಬೆರಳಲ್ಲಿ ಉಂಗ್ರ ಇಲ್ಲ, ಬಾಯಲ್ಲಿ ಎಸ್ರಿಲ್ಲ. ಕಾಗ್ದ ಯಾರು ಬೇಕಾದ್ರೂ ಬರೀತಾರೆ. ಮದ್ವೆಯಾಗ್ದೋರ್ನ ವಠಾರದಲ್ಲಿ ಮಡಿಕ್ಕಂಡವ್ಳೆ ಅಂತ ಎಲ್ರೂ ಮಾತಾಡ್ತಾವ್ರೆ. ಪಾದ್ರಿ ನನ್ನ ಸುಮ್ಕೆ ಬುಟ್ಟಾರಾ? ತಿಂಗ್ಳು ಮುಗುದ್ಮೇಲೆ ಬೇರೆ ಕಡೆ ನೋಡ್ಕೊಳ್ಳಿ."

ನಾನು ತಾಳಿ ಸೆರಗಿನಿಂದ ಹೊರಗೆಳೆದು ತೋರಿಸಿದೆ, ಕಾಲುಂಗುರ ತೋರಿಸಿದೆ. ಅವಳ ಕಣ್ಣಿಗೆ ಅವು ಬರೀ ಒಡವೆ. ಇವರಿಗೆ ಹೇಳಿದ್ದರೆ ಬಂದು ಹತ್ತು ಮಾತಾಡಿ ಸರಿಮಾಡುತ್ತಿದ್ದರೋ ಏನೋ. ಆದರೆ ಮನೆ ಬಿಡಿಸುತ್ತಿದ್ದಾರೆ ಎಂದು ಕೇಳಿದರೆ ಅವರ ಬಾಯಲ್ಲಿ ಮೊದಲು ಬರುವ ಮಾತು ಊರಿಗೆ ಹೋಗು ಎನ್ನುವುದೇ. ಆರು ತಿಂಗಳಿಗೆ ಇನ್ನು ಮೂರು ವಾರವಿತ್ತು. ನಾನು ಹೇಳಲಿಲ್ಲ.

ಎರಡು ದಿನ ನನಗೆ ಗೊತ್ತಿದ್ದ ಮಾತುಗಳನ್ನೆಲ್ಲ ಹುಡುಕಿ ಜೋಡಿಸಿಕೊಂಡೆ. ಶನಿವಾರ ಮಧ್ಯಾಹ್ನ ಅವಳು ಒಬ್ಬಳೇ ಇದ್ದಾಗ ಹೋಗಿ ನನ್ನ ಹರುಕು ಸ್ಪ್ಯಾನಿಷಿನಲ್ಲಿ ಒಪ್ಪಿಸಿದೆ.

"ನನ್ನ ಊರು. ಹೆಂಡತಿ, ಗಂಡನ ಹೆಸರು, ಹೇಳುವುದಿಲ್ಲ. ಹೇಳಿದರೆ, ಅವನ ಬದುಕು ಚಿಕ್ಕದು." ಬೆರಳುಗಳನ್ನು ಹತ್ತಿರ ತಂದು ಎಷ್ಟು ಚಿಕ್ಕದೆಂದು ತೋರಿಸಿದೆ.

ನಗುತ್ತಾಳೆ ಎಂದುಕೊಂಡಿದ್ದೆ. ಅವಳು ನಗಲಿಲ್ಲ. ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು ಕಲ್ಲಿನ ಅಂಚಿನ ಮೇಲೆ ಕೂತಳು.

"ಒಂದೊಂದ್ ಸಲ ಅಂದಾಗ್ಲೂವಾ?" ಎಂದಳು.

ನಾನು ಹೌದೆಂದು ತಲೆಯಾಡಿಸಿಬಿಟ್ಟೆ.

"ಆರು ವರ್ಸದಿಂದ ದಿನಾ ಅವನೆಸ್ರು ಕೂಗಿ ಬೈತಿದ್ದೀನಲ್ಲಮ್ಮಿ. ಕಾಗ್ದ ನಿಂತೋಗಿ ಎಷ್ಟು ದಿನಾಯ್ತು. ನಾನೇ ಮುಗಿಸ್ಬುಟ್ನಾ ಅವನ್ನ?"

ನನ್ನ ಮನೆ ಉಳಿಸಿಕೊಳ್ಳಲು ಹೋಗಿ ಅವಳ ಗಂಡನನ್ನು ಒಂದೇ ಮಾತಿನಲ್ಲಿ ಕೊಂದಿದ್ದೆ. ಇಲ್ಲ, ಇಲ್ಲ ಎಂದೆ. ಅದಕ್ಕಿಂತ ಹೆಚ್ಚಿನ ಸಮಾಧಾನದ ಮಾತು ನನಗೆ ಗೊತ್ತಿರಲಿಲ್ಲ. ಕೈಪುಸ್ತಕದಲ್ಲೂ ಇರಲಿಲ್ಲ, ರೇಡಿಯೋ ಕಥೆಯಲ್ಲೂ ಕೇಳಿರಲಿಲ್ಲ. ಅವಳು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತ, ಸದ್ದಿಲ್ಲದೆ ಅಳುತ್ತಿದ್ದಳು. ಅಷ್ಟು ಗಟ್ಟಿ ಗಂಟಲಿನವಳು ಹಾಗೆ ಸದ್ದಿಲ್ಲದೆ ಅಳುವುದನ್ನು ನೋಡಲು ನನ್ನಿಂದ ಆಗಲಿಲ್ಲ.

ಶಾಲೆಯಲ್ಲಿ ನಿಂತಂತೆ ನೆಟ್ಟಗೆ ನಿಂತೆ. "ಮಿ ಮರೀದೊ ಸೆ ಯಾಮಾ" ಎಂದು ಶುರುಮಾಡಿ ನಮ್ಮವರ ಹೆಸರು ಹೇಳಿದೆ. ಬದುಕಿನಲ್ಲಿ ಅದೇ ಮೊದಲು. ಸ್ವರ ಏಳಲಿಲ್ಲವೆಂದು ಮತ್ತೊಮ್ಮೆ ಜೋರಾಗಿ ಹೇಳಿದೆ, ಮೂರನೆಯ ಸಲ ಕೂಗಿದೆ. ಮೇಲಿನ ಕಿಟಕಿಗಳು ತೆರೆದವು.

"ನೋಡು, ಹೇಳಿದೆ. ಅವರು ಸಂಜೆ ಬರುತ್ತಾರೆ. ಏನೂ ಆಗುವುದಿಲ್ಲ" ಎಂದೆ.

"ಬರ್ಲಿ, ನೋಡನ" ಎಂದಳು ಕಂದೆಲಾರಿಯಾ.

ಆ ಸಂಜೆ ನಾನು ಒಲೆ ಹಚ್ಚಲಿಲ್ಲ. ಇಬ್ಬರೂ ವಠಾರದ ಬಾಗಿಲಲ್ಲಿ ನಿಂತೆವು. ಬಜಾರಿನಲ್ಲಿ ಇವರ ಜತೆ ಕೆಲಸ ಮಾಡುವವರು ಒಬ್ಬೊಬ್ಬರಾಗಿ ಬೀದಿ ಹತ್ತಿ ಬಂದು ದಾಟಿ ಹೋದರು. ಇವರು ಬರಲಿಲ್ಲ. ಬಂದರಿನ ರಸ್ತೆಯಲ್ಲಿ ಲಾರಿಗಳು ಹೇಗೆ ಓಡುತ್ತವೆ ಎಂದು ನನಗೆ ಗೊತ್ತು. ಬೆಟ್ಟದ ಸ್ವಾಮಿಗೆ ಮುಡಿ ಕೊಡುತ್ತೇನೆಂದು ಹರಕೆ ಹೊತ್ತೆ. ನಮ್ಮವ್ವ, ನಮ್ಮಜ್ಜಿ ಯಾರೂ ಮಾಡದ ಕೆಲಸ ಮಾಡಿದೆನಲ್ಲ ಎಂದು ನನ್ನನ್ನೇ ಶಪಿಸಿಕೊಂಡೆ. ಕಂದೆಲಾರಿಯಾ ನನ್ನ ಮಣಿಕಟ್ಟನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಳು.

ಸಂಜೆಬಿಸಿಲು ಬೀದಿ ಬಿಟ್ಟು ಗುಡ್ಡದ ನೆತ್ತಿಗೆ ಏರಿದ ಹೊತ್ತಿಗೆ ಇವರು ಬೀದಿಯ ತಿರುವಿನಲ್ಲಿ ಕಂಡರು. ಕೈಯಲ್ಲಿ ಒಂದು ಕುಂಬಳಕಾಯಿ. ಎಲ್ಲೋ ಅಗ್ಗಕ್ಕೆ ಸಿಕ್ಕಿತೆಂದು ಅದನ್ನು ಕೊಳ್ಳಲು ನಿಂತಿದ್ದರಂತೆ. ಕಂದೆಲಾರಿಯಾ ಓಡಿಹೋಗಿ ಅವರ ತೋಳು ಮುಟ್ಟಿ ನೋಡಿ, ಎರಡೂ ಕೆನ್ನೆಗೆ ಮುತ್ತಿಟ್ಟಳು. ಇವರು ಕುಂಬಳಕಾಯಿ ಬೀಳಿಸಿದರು.

"ಏನಾಯ್ತೇ? ಆಯಮ್ಮಂಗೆ ಏನಾಗದೆ?" ಎಂದು ಕನ್ನಡದಲ್ಲಿ ಕೂಗಿದರು.

"ಏನಿಲ್ಲ, ಕೈಕಾಲು ತೊಳ್ಕೊಳ್ಳಿ" ಎಂದು ನಾನು ಒಳಗೆ ಹೋದೆ. ಸೆರಗು ಬಾಯಿಗೆ ಒತ್ತಿಕೊಂಡು ಮನಸಾರೆ ಅತ್ತೆ.

ಮನೆ ಬಿಡುವ ಮಾತು ಮತ್ತೆ ಬರಲಿಲ್ಲ. ಸೋಮವಾರ ಶಾಲೆಯಲ್ಲಿ ದೋನ್ಯಾ ಮರ್ಸೇದೆಸ್ ಕೇಳುವ ಮೊದಲೇ ಕಂದೆಲಾರಿಯಾ ಎದ್ದು ನನ್ನ ಪರವಾಗಿ ಇಡೀ ಕಥೆ ಹೇಳಿದಳು. ಒಗೆಯುವ ಕಲ್ಲು ಮಾತ್ರ ಎರಡು ದಿನ ಮೂಕವಾಗಿತ್ತು. ಮೂರನೆಯ ಬೆಳಿಗ್ಗೆ "ಗ್ರೆಗೋರಿಯೋ" ಎಂಬ ಕೂಗು ಕೇಳಿದಾಗ ನನಗೆ ಜೀವ ಬಂದಂತಾಯಿತು. ಆಮೇಲೆ ಅವಳು ತಾನೇ ಅಕ್ಷರ ಕೂಡಿಸಿ ಅವನಿಗೆ ಕಾಗದ ಬರೆದಳು. ಉತ್ತರ ಇವತ್ತಿನವರೆಗೂ ಬಂದಿಲ್ಲ.

ಆರು ತಿಂಗಳು ತುಂಬಿದ ವಾರ ಪರದೇಶದವರ ರಿಜಿಸ್ಟರಿನ ಕಚೇರಿಗೆ ಇಬ್ಬರೂ ಹೋಗಬೇಕಾಯಿತು. ಗುಮಾಸ್ತ ನನ್ನ ಕಡೆ ನೋಡಿ ಗಂಡನ ಹೆಸರು ಕೇಳಿದ. ಇವರು ಪಕ್ಕದಲ್ಲೇ ನಿಂತಿದ್ದರು. ನಾನು ಹೇಳಿದೆ. ಇವರು ಯಾರು ಕರೆದರೆಂದು ಹಿಂದಕ್ಕೆ ತಿರುಗಿ ನೋಡಿದರು.

ಹೊರಗೆ ರಸ್ತೆಗೆ ಬಂದ ಮೇಲೆ, "ಇನ್ನೊಂದ್ ಕಿತ ಯೋಳು" ಎಂದರು.

"ಆಗಲ್ಲ."

"ಒಳಗೆ ಅಷ್ಟು ಸಲೀಸಾಗಿ ಯೋಳ್ಬುಟ್ಟೆ?"

"ಅದು ಆ ಮಾತಲ್ಲಿ. ಈ ಮಾತಲ್ಲಿ ಆಗಲ್ಲ. ಕೇಳ್ಬೇಡಿ."

ಅವರು ನಕ್ಕರು. ಮಾರ್ಕೆಟ್ಟಿನ ಹತ್ತಿರ ಬಂದಾಗ, ನನ್ನ ಮುಖ ನೋಡದೆ, "ಅವ್ವಂಗೆ ಕಾಗ್ದ ಬರೀತೀನಿ. ತೆರಕಣಾಂಬಿ ಮಾತು ಬುಟ್ಬುಡಿ ಅಂತ" ಎಂದರು. ನಾನು ಮಾರ್ಕೆಟ್ಟಿಗೆ ಹೋಗಿ ಬೇಕಾದ್ದಕ್ಕಿಂತ ಹೆಚ್ಚು ಕೊತ್ತಂಬರಿ ಕೊಂಡೆ.

ಈಗ ಇಲ್ಲಿ ನನಗೆ ಕಷ್ಟವಿಲ್ಲ. ಅಂಚೆ ಕಚೇರಿಗೆ ಹೋಗುತ್ತೇನೆ, ಜಗಳ ಆಡುತ್ತೇನೆ, ರೇಡಿಯೋ ಕಥೆಯಲ್ಲಿ ಯಾರು ಯಾಕೆ ಅಳುತ್ತಾರೆಂದು ಮೊದಲೇ ಹೇಳಿಬಿಡುತ್ತೇನೆ. ಆದರೂ ಗುಂಡ್ಲುಪೇಟೆಗೆ ಹಿಂದಿರುಗಿದ ದಿನ ನಂಜನಗೂಡು ದಾಟುತ್ತಿದ್ದ ಹಾಗೆ ಈ ಬಾಯಿ ತಾನಾಗಿ ಕಟ್ಟಿಕೊಳ್ಳುತ್ತದೆ ಎಂದು ನನಗೆ ಗೊತ್ತು. ಅದು ತಪ್ಪೆಂದು ನನಗೆ ಅನಿಸುವುದಿಲ್ಲ, ಇಲ್ಲಿ ಹೇಳುವುದೂ ತಪ್ಪೆಂದು ಅನಿಸುವುದಿಲ್ಲ. ಎರಡೂ ನಾನೇ. ನಮ್ಮವರ ಹೆಸರೇನೆಂದು ಅಲ್ಲಿ ನನ್ನನ್ನು ಕೇಳಬೇಡಿ. ಇಷ್ಟು ದೂರ ಬಂದು, ಇಲ್ಲಿಯ ಮಾತಿನಲ್ಲಿ ಕೇಳಿದರೆ, ಇಡೀ ವಠಾರಕ್ಕೆ ಕೇಳುವ ಹಾಗೆ ಹೇಳುತ್ತೇನೆ.